ಕೈ ಊರದೆ ಏಳಬಲ್ಲಿರಾ?

ಹೊಸದಾಗಿ ಸೇರಿದವರ ಮನೆಗೆ ಮೊದಲ ದಿನ ಹೋದಾಗ ನಾನು ತೂಕದ ಮಷೀನು ತೆಗೆಯುವುದಿಲ್ಲ, ಟೇಪು ಹಿಡಿದು ಸೊಂಟ ಅಳೆಯುವುದೂ ಇಲ್ಲ. ಹಾಲಿನಲ್ಲಿ ಒಂದು ಚಾಪೆ ಹಾಸಲು ಹೇಳಿ, 'ಕೆಳಗೆ ಕೂತು ಎದ್ದೇಳಿ ನೋಡೋಣ' ಎನ್ನುತ್ತೇನೆ. ದುಡ್ಡು ಕೊಟ್ಟು ಪರ್ಸನಲ್ ಟ್ರೇನರ್‌ನನ್ನು ಕರೆಸಿದ್ದು ಇದಕ್ಕಾ ಎಂಬ ಪ್ರಶ್ನೆ ಅವರ ಮುಖದಲ್ಲಿ ಮೂಡುತ್ತದೆ. ಆಮೇಲೆ ಕೂರುತ್ತಾರೆ. ಕೂರುವುದೆಂದರೆ ಅರ್ಧ ದಾರಿ ಕೂರುವುದು, ಉಳಿದರ್ಧ ಬೀಳುವುದು. ಏಳುವಾಗ ಒಂದು ಕೈ ಟೀಪಾಯಿಯ ಅಂಚು ಹುಡುಕುತ್ತದೆ, ಇನ್ನೊಂದು ಮಂಡಿಯನ್ನು ಒತ್ತುತ್ತದೆ, ಬಾಯಿಗೆ ದೇವರ ಹೆಸರು ಬರುತ್ತದೆ. ನಲವತ್ತೆರಡು ವರ್ಷದ ಸಾಫ್ಟ್‌ವೇರ್ ಎಂಜಿನಿಯರುಗಳೂ ಹೀಗೇ ಏಳುವುದನ್ನು ಕಂಡಿದ್ದೇನೆ.

ಬನಶಂಕರಿಯಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ ಇದ್ದಾರೆ, ವಯಸ್ಸು 66. ಬೀದಿಯವರೆಲ್ಲ ಅವರನ್ನು ಮಿಸ್ ಎಂದೇ ಕರೆಯುವುದು, ನಾನೂ ಹಾಗೇ. ಸೊಸೆಯ ಒತ್ತಾಯಕ್ಕೆ ನನ್ನನ್ನು ಕರೆಸಿದ್ದರು. ಆ ದಿನ ಅವರು ಚಾಪೆಯಿಂದ ಏಳಲು ಎರಡು ಕೈ, ಒಂದು ಮಂಡಿ, ಸಾಲದ್ದಕ್ಕೆ ಮೊಮ್ಮಗನ ಹೆಗಲು ಬೇಕಾಯಿತು. 'ಬಸ್ಕಿಯಿಂದ ಶುರು ಮಾಡೋಣ ಮಿಸ್' ಎಂದೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. 'ಮೂವತ್ತೈದು ವರ್ಷ ಹೋಂವರ್ಕ್ ಮಾಡದ ಮಕ್ಕಳಿಗೆ ಬಸ್ಕಿ ಹೊಡೆಸಿದೀನಿ ಕಣಪ್ಪ. ಈಗ ನನಗೇ ಹೊಡೆಸ್ತೀಯಾ?'

ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ನಮ್ಮಲ್ಲಿ ಬಸ್ಕಿ ಹೊಡೆಯುವುದು ಎಂದರೆ ಒಂದೋ ಮೇಷ್ಟ್ರ ಮುಂದೆ, ಇಲ್ಲವೇ ಕಿವಿ ಹಿಡಿದುಕೊಂಡು ಗಣಪತಿಯ ಮುಂದೆ. ಎರಡೂ ಕಡೆ ತಪ್ಪೊಪ್ಪಿಗೆಯೇ. ಮೂರನೆಯ ಜಾಗವೊಂದಿತ್ತು, ಗರಡಿಮನೆ. ಅಲ್ಲಿ ಹುಡುಗ ಕುಸ್ತಿಯ ಪಟ್ಟು ಕಲಿಯುವ ಮೊದಲು ತಿಂಗಳುಗಟ್ಟಲೆ ದಂಡ ಮತ್ತು ಬಸ್ಕಿ ಹೊಡೆಯಬೇಕಿತ್ತು. ಕಾಲು ಗಟ್ಟಿಯಾಗದೆ ಮಟ್ಟಿಗೆ ಇಳಿದರೆ ಉಸ್ತಾದರು ಬೆನ್ನಿಗೆ ಗುದ್ದಿ ವಾಪಸು ಕಳಿಸುತ್ತಿದ್ದರು. ಇದೇ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಎಂಬವರಿದ್ದರು. 'ಶಾಂತಲಾ', 'ರೂಪದರ್ಶಿ' ಬರೆದ ಕಾದಂಬರಿಕಾರರೆಂದು ಓದುಗರಿಗೆ ಪರಿಚಯ. ನಮ್ಮ ಕಸುಬಿನವರಿಗೆ ಅವರು ಮೊದಲು ವ್ಯಾಯಾಮಶಾಲೆಯ ಅಯ್ಯರ್. ಸೂರ್ಯನಮಸ್ಕಾರವನ್ನೂ ಬಾರ್ಬೆಲ್ಲನ್ನೂ ಒಂದೇ ಅಂಗಳದಲ್ಲಿ ಕಲಿಸಿದವರು, ದೂರದವರಿಗೆ ಅಂಚೆಯಲ್ಲೇ ಪಾಠ ಕಳಿಸುತ್ತಿದ್ದವರು. ಈಗಿನ ಆನ್‌ಲೈನ್ ಕೋಚ್‌ಗಳು ತಮ್ಮದೇ ಹೊಸ ದಂಧೆ ಎಂದುಕೊಂಡಿದ್ದಾರೆ, ಇರಲಿ.

ನೆಲದಿಂದ ಏಳಿಸುವ ಪರೀಕ್ಷೆ ನನ್ನದಲ್ಲ. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಮತ್ತು ಅವರ ಜೊತೆಗಾರರು ಇದಕ್ಕೆ 10 ಅಂಕ ಇಟ್ಟಿದ್ದಾರೆ. ಕೂರಲು 5, ಏಳಲು 5. ಕೈಯೋ ಮಂಡಿಯೋ ನೆಲಕ್ಕೆ ತಾಗಿದರೆ ಪ್ರತಿ ಸಲಕ್ಕೆ 1 ಅಂಕ ಕಡಿತ, ವಾಲಾಡಿದರೆ ಅರ್ಧ. 51ರಿಂದ 80 ವರ್ಷದ 2,002 ಜನರನ್ನು ಹೀಗೆ ಕೂರಿಸಿ ಏಳಿಸಿ, ಆಮೇಲೆ ಕೆಲವು ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದರು. ಅಂಕ ಕಡಿಮೆ ಇದ್ದವರಲ್ಲಿ ಸಾವು ಹೆಚ್ಚು ಕಂಡಿತು. ಹಾಗೆಂದು ಏಳಲಾಗದವರೆಲ್ಲ ಬೇಗ ಸಾಯುತ್ತಾರೆಂದು ಓದಿಕೊಳ್ಳಬೇಡಿ. ಕಾಲಿನ ಬಲ, ಕೀಲುಗಳ ಸಡಿಲ, ಮೈಯ ಸಮತೋಲ, ಹೊತ್ತುಕೊಂಡ ತೂಕ ಇಷ್ಟೂ ಒಂದೇ ಏಳುವಿಕೆಯಲ್ಲಿ ಬಯಲಾಗುತ್ತವೆ, ಅಷ್ಟೆ. ಮಿಸ್‌ಗೆ ಆ ದಿನ ನಾನು ಕೊಟ್ಟ ಅಂಕ 3. 'ಫೇಲಾ?' ಎಂದು ಕೇಳಿದರು. ಹೌದೆಂದೆ. ಬಹುಶಃ ಅದೇ ಅವರನ್ನು ಹಿಡಿದು ನಿಲ್ಲಿಸಿತು. ಟೀಚರುಗಳಿಗೆ ಫೇಲಾಗಿ ಅಭ್ಯಾಸವಿರುವುದಿಲ್ಲ.

ಮಿಸ್ ಅವರ ತಾಯಿ ಯಾವ ಟ್ರೇನರನ್ನೂ ಕಂಡವರಲ್ಲ. ಬೆಳಿಗ್ಗೆ ಬಗ್ಗಿ ಅಂಗಳ ಸಾರಿಸಿ, ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕಿ, ಈಳಿಗೆಮಣೆಯ ಮುಂದೆ ತರಕಾರಿ ಹೆಚ್ಚಿ, ಒರಳ ಮುಂದೆ ರುಬ್ಬಿ, ಪಂಕ್ತಿಯಲ್ಲಿ ನೆಲದ ಮೇಲೆ ಉಂಡು ಏಳುವ ಹೊತ್ತಿಗೆ ಎಷ್ಟು ಬಸ್ಕಿಯಾಗುತ್ತಿತ್ತೋ ಲೆಕ್ಕವಿಟ್ಟವರಿಲ್ಲ. ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಒರಳು ಕಲ್ಲಿನ ಮುಂದೆ ಸವೆದ ಹೆಂಗಸರ ಸೊಂಟನೋವನ್ನು ಯಾರೂ ಬರೆದಿಡಲಿಲ್ಲ, ಗ್ರೈಂಡರು ಬಂದದ್ದು ಪುಣ್ಯವೇ. ಆದರೆ ಒಂದೊಂದಾಗಿ ಎಲ್ಲ ಕೆಲಸವೂ ಸೊಂಟದೆತ್ತರಕ್ಕೆ ಬಂತು. ಅಡುಗೆಕಟ್ಟೆ ಬಂತು, ಡೈನಿಂಗ್ ಟೇಬಲ್ ಬಂತು, ಕಮೋಡು ಬಂತು. ಈಗ ಸತ್ಯನಾರಾಯಣ ಪೂಜೆಗೆ ಕೂರುವ ದಂಪತಿಗೂ ಪ್ಲಾಸ್ಟಿಕ್ ಕುರ್ಚಿ. ನೆಲ ನಮ್ಮ ದಿನಚರಿಯಿಂದ ಸದ್ದಿಲ್ಲದೆ ಹೊರಟುಹೋಯಿತು. ಬಳಸದ ಸ್ನಾಯುವನ್ನು ದೇಹ ಸುಮ್ಮನೆ ಸಾಕುವುದಿಲ್ಲ. ಮೂವತ್ತು ದಾಟಿದ ಮೇಲೆ ದಶಕಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎಂಬುದು ವೈದ್ಯರ ಅಂದಾಜು, ಅರುವತ್ತರ ನಂತರ ಇನ್ನೂ ಬೇಗ. ತೊಡೆ ಮೊದಲು ಸೊರಗುತ್ತದೆ. ತಕ್ಕಡಿ ಇದನ್ನು ತೋರಿಸುವುದಿಲ್ಲ, ಏಕೆಂದರೆ ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದು ಲೆಕ್ಕ ಸರಿಮಾಡಿರುತ್ತದೆ.

ಹೋದದ್ದು ವಾಪಸು ಬರುತ್ತದೆಯೇ? ಇದನ್ನು ಕೇಳದವರೇ ಇಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವೈದ್ಯೆ ಮಾರಿಯಾ ಫಿಯಾಟರೋನ್ ಒಂದು ವೃದ್ಧಾಶ್ರಮಕ್ಕೆ ಹೋಗಿ, ಸುಮಾರು ತೊಂಬತ್ತು ವಯಸ್ಸಿನ 10 ಜನರಿಂದ ತೊಡೆಯ ವ್ಯಾಯಾಮ ಮಾಡಿಸಿದರು. ಹಗುರ ಡಂಬೆಲ್ ಆಡಿಸುವ ತೋರಿಕೆಯ ವ್ಯಾಯಾಮವಲ್ಲ, ಅವರವರ ಶಕ್ತಿಯ ಮಿತಿಗೆ ಹತ್ತಿರವಾದ ಭಾರ. ಎಂಟು ವಾರ ಪೂರೈಸಿದ 9 ಜನರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತ್ತು. ಜಿಮ್ಮಿನಲ್ಲಿ 'ನಮಗೆ ವಯಸ್ಸಾಯ್ತು ಬಿಡಿ' ಎನ್ನುವ ಐವತ್ತರವರಿಗೆ ನಾನು ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ ನನ್ನ ಹೆಂಡತಿಗೂ ಆ ಅಂಕಿ ಬಾಯಿಪಾಠ.

ಮಿಸ್‌ಗೆ ನೇರ ನೆಲದ ಬಸ್ಕಿ ಹೊಡೆಸಿದ್ದರೆ ಮರುದಿನವೇ ನನ್ನ ನಂಬರು ಬ್ಲಾಕ್ ಆಗುತ್ತಿತ್ತು. ಈ ಕಸುಬಿಗೆ ಬಂದ ಹೊಸದರಲ್ಲಿ ನಾನು ಅದೇ ತಪ್ಪು ಮಾಡುತ್ತಿದ್ದೆ. ಬೆವರು ಸುರಿಸದಿದ್ದರೆ ಕೊಟ್ಟ ದುಡ್ಡಿಗೆ ಮೋಸ ಎಂದು ನಂಬಿದ್ದ ಕಾಲ. ಐವತ್ತೈದರ ಒಬ್ಬರನ್ನು ಮೊದಲ ವಾರವೇ ಕುಪ್ಪಳಿಸುವಂತೆ ಮಾಡಿದೆ, ಅವರು ಎರಡು ತಿಂಗಳು ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕೂತರು. ಈಗ ಊಟದ ಕುರ್ಚಿಯಿಂದ ಶುರು. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಜಾರಬಾರದು. ಬರಿಗಾಲು, ಪಾದಗಳ ನಡುವೆ ಒಂದು ಗೇಣು ಅಂತರ. ಸೀಟಿನ ಮುಂದಂಚಿಗೆ ಬಂದು ಕೂತು, ಹಿಮ್ಮಡಿಯನ್ನು ಮಂಡಿಗಿಂತ ತುಸು ಹಿಂದೆ ಎಳೆದುಕೊಳ್ಳಿ. ಎದೆಯ ಮೇಲೆ ಕೈ ಕಟ್ಟಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಎದ್ದೇಳಿ. ಉಸಿರು ಕಟ್ಟಿ ಏಳಬೇಡಿ, ಬಿಪಿ ಜಿಗಿಯುತ್ತದೆ. ಮತ್ತೆ ಕೂರುವಾಗ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ. ನಿಜವಾದ ಕೆಲಸ ಇರುವುದು ಈ ಇಳಿಯುವುದರಲ್ಲಿ, ಧೊಪ್ಪನೆ ಬಿದ್ದರೆ ಅರ್ಧ ಫಲ ಹೋಯಿತು. ಏಳಲು ಆಗಲೇ ಇಲ್ಲವೆಂದರೆ ಸೀಟಿನ ಮೇಲೆ ಒಂದು ದಿಂಬು ಹಾಕಿ, ಎತ್ತರವಾದಷ್ಟೂ ಸುಲಭ. ವಾರ ಕಳೆದಂತೆ ದಿಂಬು ತೆಳ್ಳಗಾಗಬೇಕು, ಆಮೇಲೆ ಮಾಯವಾಗಬೇಕು, ಆಮೇಲೆ ಕುರ್ಚಿಯ ಜಾಗಕ್ಕೆ ಸ್ಟೂಲು, ಮಣೆ, ಕೊನೆಗೆ ಚಾಪೆ. ಎಂಟು ಸಲಕ್ಕೆ ಒಂದು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ, ಮೂರು ಸುತ್ತು. ವಾರಕ್ಕೆ ಮೂರು ದಿನ ಸಾಕು. ಕೊನೆಯ ಎರಡು ಸಲ ಕಷ್ಟವೆನಿಸಲೇಬೇಕು, ಅನಿಸದಿದ್ದರೆ ಕೈಯಲ್ಲಿ ಎರಡು ಕೆ.ಜಿ. ಅಕ್ಕಿಯ ಪೊಟ್ಟಣ ಹಿಡಿದು ಏಳಿ.

ಎಲ್ಲಿದ್ದೇವೆಂದು ತಿಳಿಯಲು ಇನ್ನೊಂದು ಅಳತೆ ಇದೆ. ಹದಿನೇಳು ಇಂಚು ಎತ್ತರದ ಕುರ್ಚಿಯಿಂದ ಕೈ ಬಳಸದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಎಣಿಸಿ. 65ರಿಂದ 69ರ ವಯಸ್ಸಿನಲ್ಲಿ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯವಿದೆ ಎಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ಪಟ್ಟಿ ಎಚ್ಚರಿಸುತ್ತದೆ. ಮಿಸ್ ಮೊದಲ ಸಲ 6 ಮಾಡಿದರು, ಏಳನೆಯದಕ್ಕೆ ಕುರ್ಚಿಯನ್ನೇ ಬೈದರು.

'ಮಂಡಿ ಸವೆದಿದೆ, ಬಸ್ಕಿ ಹೊಡೆದರೆ ಇನ್ನೂ ಸವೆಯಲ್ವಾ?' ಎಂಬ ಭಯ ಎಲ್ಲ ಮನೆಯಲ್ಲೂ ಇದೆ. ಮಂಡಿ ಎಂದರೆ ಸೈಕಲ್ಲಿನ ಬ್ರೇಕ್ ರಬ್ಬರಿನಂತೆ, ಉಜ್ಜಿದಷ್ಟೂ ತೆಳ್ಳಗಾಗುತ್ತದೆ ಎಂಬ ಕಲ್ಪನೆ. ಕೀಲು ಸತ್ತ ವಸ್ತುವಲ್ಲ. ಅದರೊಳಗಿನ ಮೃದ್ವಸ್ಥಿಗೆ ರಕ್ತನಾಳವಿಲ್ಲ. ಮಂಡಿ ಮಡಚಿ ಬಿಡಿಸುವಾಗ ಒಳಗಿನ ದ್ರವ ಹಿಂಡಿ ಹೀರಿದಂತಾಗಿಯೇ ಅದಕ್ಕೆ ಆಹಾರ ಸಿಗುವುದು. ಸುತ್ತಲಿನ ತೊಡೆ ಗಟ್ಟಿಯಾದರೆ ಭಾರವನ್ನು ಅದು ಹೊರುತ್ತದೆ, ಆದ್ದರಿಂದಲೇ ಸಂಧಿವಾತದ ಮಂಡಿಗೆ ಈಗ ವೈದ್ಯರು ಮೊದಲು ಬರೆಯುವ ಔಷಧದಲ್ಲಿ ವ್ಯಾಯಾಮವೂ ಒಂದು. ನೋವಿನ ಲೆಕ್ಕ ಹೀಗಿಟ್ಟುಕೊಳ್ಳಿ: ಮಾಡುವಾಗ ಸಣ್ಣಗೆ ನೋವಿದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಮುಂದುವರಿಸಿ. ಊದಿಕೊಂಡರೆ, ಚುಚ್ಚಿದರೆ, ಮಂಡಿ ಸಿಕ್ಕಿಕೊಂಡಂತಾದರೆ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಟ್ರೇನರ್ ಹೇಳಿದ ಎಂದು ಹಲ್ಲು ಕಚ್ಚಬೇಡಿ.

ಇನ್ನು ಹೊಟ್ಟೆ. ನೂರಕ್ಕೆ ತೊಂಬತ್ತು ಜನ ನನ್ನನ್ನು ಕರೆಯುವುದೇ ಹೊಟ್ಟೆ ಕರಗಿಸಲು, ಎಲ್ಲರೂ ಮಲಗಿ ಏಳುವ ವ್ಯಾಯಾಮದ ವಿಡಿಯೊ ನೋಡಿಯೇ ಇರುತ್ತಾರೆ. 1971ರಲ್ಲಿ ಅಮೆರಿಕದ ಸಂಶೋಧಕರು ಟೆನಿಸ್ ಆಟಗಾರರ ಎರಡೂ ಮುಂಗೈ ಅಳೆದು ನೋಡಿದರು. ವರ್ಷಗಟ್ಟಲೆ ರ‍್ಯಾಕೆಟ್ ಬೀಸಿದ ಕೈಯ ಸ್ನಾಯು ದಪ್ಪವಾಗಿತ್ತು, ಚರ್ಮದಡಿಯ ಕೊಬ್ಬು ಮಾತ್ರ ಎರಡೂ ಕೈಯಲ್ಲಿ ಒಂದೇ ಸಮ. ಎಲ್ಲಿ ದುಡಿಯುತ್ತೇವೋ ಅಲ್ಲಿಂದಲೇ ಕೊಬ್ಬು ತೆಗೆಯುವ ವ್ಯವಸ್ಥೆ ದೇಹದಲ್ಲಿಲ್ಲ. ನಮ್ಮವರ ಹೊಟ್ಟೆಗೆ ಇನ್ನೊಂದು ಮುಖವೂ ಇದೆ. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ತಮ್ಮಿಬ್ಬರ ಫೋಟೊವನ್ನೇ ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತೆಳ್ಳಗಿನ ಕೈಕಾಲು, ಅಂಗಿಯ ಗುಂಡಿ ಎಳೆಯುವ ಹೊಟ್ಟೆ: ನಮ್ಮ ಆಫೀಸುಗಳ ಲಿಫ್ಟಿನಲ್ಲಿ ದಿನವೂ ಕಾಣುವ ಆಕಾರವದು. ಇಂಥವರು ಊಟ ಬಿಟ್ಟು ತೂಕ ಇಳಿಸಿದರೆ ಇರುವಷ್ಟು ಸ್ನಾಯುವೂ ಹೋಗುತ್ತದೆ. ತಕ್ಕಡಿಯ ಬದಲು ದಾರ ಹಿಡಿಯಿರಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ನಡಿಗೆಯ ಬಗ್ಗೆ ನನ್ನ ತಕರಾರಿಲ್ಲ, ಅದನ್ನೇ ಸರ್ವಸ್ವವೆಂದು ನಂಬುವವರ ಬಗ್ಗೆ ಇದೆ. ಲಾಲ್‌ಬಾಗ್‌ನಲ್ಲಿ ಎರಡು ಸುತ್ತು ಹಾಕಿ ಗೇಟಿನ ಹೊರಗೆ ಮಸಾಲೆ ದೋಸೆ ತಿನ್ನುವವರನ್ನು ಬಿಡಿ, ಅದೊಂದು ಸಂಸ್ಕೃತಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಯಾವ ಪ್ರಯೋಗಾಲಯದಿಂದಲೂ ಹುಟ್ಟಿದ್ದಲ್ಲ; ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ಅದಾಗಿತ್ತು. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ತಂಡ 16,741 ವಯಸ್ಸಾದ ಮಹಿಳೆಯರ ಹೆಜ್ಜೆ ಎಣಿಸಿದಾಗ 4,400ಕ್ಕೇ ಒಳ್ಳೆಯ ಫಲ ಕಂಡಿತ್ತು, 7,500ರ ಆಸುಪಾಸಿನಲ್ಲಿ ಅದು ಏರುವುದು ನಿಂತಿತ್ತು. ಹಾಗಾಗಿ ರಾತ್ರಿ ಹತ್ತೂವರೆಗೆ ಹೆಜ್ಜೆ ಸಾಲದೆಂದು ಹಾಲಿನಲ್ಲಿ ಗಿರಕಿ ಹೊಡೆಯುವುದು ಬೇಡ. ಅದೇ ನಡಿಗೆಯನ್ನು ಊಟವಾದ ಕೂಡಲೆ ಹತ್ತು ಹದಿನೈದು ನಿಮಿಷ ಮಾಡಿ. ಅನ್ನದಿಂದ ರಕ್ತಕ್ಕೆ ಇಳಿಯುವ ಸಕ್ಕರೆಯನ್ನು ದುಡಿಯುವ ಕಾಲಿನ ಸ್ನಾಯು ಅಲ್ಲಲ್ಲೇ ಎತ್ತಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕೆಂದಿತು. ಅದೇ ವಾಕ್ಯದ ಪಕ್ಕದಲ್ಲಿ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸಿ ಎಂದೂ ಇದೆ. ಎರಡನೆಯದನ್ನು ಪಾರ್ಕಿನಲ್ಲಿ ಯಾರೂ ಓದಿದಂತಿಲ್ಲ.

ಮಿಸ್ ಅವರ ಊಟದ ಲೆಕ್ಕ ಹಾಕಿದ್ದು ಮೂರನೆಯ ವಾರ. ಬೆಳಿಗ್ಗೆ ಎರಡು ಇಡ್ಲಿ, ಚಟ್ನಿ. ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ. ಸಂಜೆ ಕಾಫಿ, ಕೋಡುಬಳೆ. ರಾತ್ರಿ ಅನ್ನ ಮೊಸರು. ಹೊಟ್ಟೆ ತುಂಬುವ ಊಟ, ಪ್ರೋಟೀನು ಎಷ್ಟು ಕೂಡಿಸಿದರೂ ಮೂವತ್ತು ಗ್ರಾಂ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸು ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ, ಅವರ 62 ಕೆ.ಜಿ.ಗೆ 51 ಗ್ರಾಂ ಆಗುತ್ತದೆ. ವಯಸ್ಸಾದವರು ಬಲದ ವ್ಯಾಯಾಮವನ್ನೂ ಮಾಡುವುದಾದರೆ ಕೆ.ಜಿ.ಗೆ ಒಂದು ಗ್ರಾಂ ದಾಟಿದರೆ ಒಳ್ಳೆಯದೆಂದು ವೃದ್ಧಾಪ್ಯ ತಜ್ಞರ ಮಾತು. 'ಅದೇನೋ ಡಬ್ಬದ ಪುಡಿ ಕುಡಿಸ್ತೀಯೇನಪ್ಪ?' ಎಂದರು. ಬೇಡವೆಂದೆ. ಸಾರಿನ ಪಾತ್ರೆಯ ತಳದಲ್ಲಿ ಬೇಳೆ ಉಳಿದಿರುತ್ತದಲ್ಲ, ಅದನ್ನು ತಟ್ಟೆಗೆ ತನ್ನಿ. ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯವನ್ನು ಎರಡು ಸೌಟು ಹಾಕಿಕೊಳ್ಳಿ. ರಾಮನವಮಿಗೆ ಮಾತ್ರ ಮಾಡುವ ಕೋಸಂಬರಿ ವಾರದ ದಿನಕ್ಕೂ ಬರಲಿ. ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ, ಒಂದು ಲೋಟ ಹಾಲಿನಲ್ಲಿ 6, ನೂರು ಗ್ರಾಂ ಹುರುಳಿಕಾಳಿನಲ್ಲಿ 22. ತಿನ್ನುವವರಿಗೆ ಒಂದು ಮೊಟ್ಟೆಗೆ 6. ಮಂಡ್ಯದ ಕಡೆಯ ನನ್ನ ನೆಂಟರು ಮುದ್ದೆ ಉಂಡರೆ ಎಲ್ಲ ಬಂತು ಎನ್ನುತ್ತಾರೆ. ಕ್ಯಾಲ್ಸಿಯಂಗೆ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ, ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಪ್ರೋಟೀನು ಮಾತ್ರ 7 ಗ್ರಾಂ. ಮುದ್ದೆಗೆ ಬಲ ಬರುವುದು ಜೊತೆಯ ಉಪ್ಸಾರಿನ ಕಾಳಿನಿಂದ, ಮಾಂಸದ ಸಾರಿನಿಂದ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಕಾಳು ಹೆಚ್ಚಿಸಬಾರದು.

ನೀರು? ಬಾಯಾರಿದಾಗ ಕುಡಿಯಿರಿ. ಬೆಳಿಗ್ಗೆಯ ನಿಂಬೆ-ಜೇನು ಕೊಬ್ಬು ಕರಗಿಸುವುದಿಲ್ಲ, ರುಚಿಯಾಗಿದೆ. ನಿದ್ದೆ ಕೆಟ್ಟ ದಿನ ಭಾರ ಎತ್ತಬೇಡಿ.

ನಿಧಾನವಾಗಿ ಹೇಳಬೇಕಾದದ್ದು ಎದೆಯ ವಿಷಯ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ನನ್ನ ಫೋನು ಮೂರು ದಿನ ಬಡಿದುಕೊಂಡಿತು. ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು, ಜಿಮ್ಮುಗಳಲ್ಲಿ ಜನ ಕರಗಿದರು. ಅಷ್ಟು ಫಿಟ್ ಆಗಿದ್ದವರಿಗೇ ಹೀಗಾದರೆ ನಮ್ಮ ಗತಿ ಏನು ಎಂದು ನನ್ನ ಮಾಮನೂ ಕೇಳಿದರು, ಅವರು ಜೀವಮಾನದಲ್ಲಿ ಜಿಮ್ಮಿಗೆ ಹೋದವರಲ್ಲ. ಒಬ್ಬರ ಸಾವಿನಿಂದ ಯಾವ ತೀರ್ಮಾನಕ್ಕೂ ಬರಲಾಗದು. ನಮ್ಮ ಮುಂದಿರುವ ಅಂಕಿ ಬೇರೆ: 1993ರಲ್ಲಿ ಅಮೆರಿಕದಲ್ಲಿ ಹೃದಯಾಘಾತವಾದ 1,228 ಜನರನ್ನು ವಿಚಾರಿಸಿದಾಗ, ವಾರಕ್ಕೆ ಒಮ್ಮೆಯೂ ಮೈ ದಣಿಸದವರು ಇದ್ದಕ್ಕಿದ್ದಂತೆ ಭಾರಿ ಶ್ರಮ ಪಟ್ಟರೆ ಆ ಒಂದು ಗಂಟೆಯಲ್ಲಿ ಅವರ ಅಪಾಯ ನೂರು ಪಟ್ಟಿಗೂ ಹೆಚ್ಚಾಗುತ್ತಿತ್ತು. ವಾರಕ್ಕೆ ಐದು ದಿನ ಮಾಡುವವರಲ್ಲಿ ಅದು ಎರಡೂವರೆ ಪಟ್ಟೂ ಇರಲಿಲ್ಲ. ಜನವರಿ 1ರಂದು ಹೊಸ ಶೂ ಕಟ್ಟಿ, ಮೊದಲ ದಿನವೇ ಟ್ರೆಡ್‌ಮಿಲ್ಲನ್ನು ಹನ್ನೆರಡಕ್ಕೆ ಏರಿಸುವ ನಲವತ್ತೈದರ ಗಂಡಸರನ್ನು ಕಂಡರೆ ನನಗೆ ಹೆದರಿಕೆಯಾಗುವುದು ಇದಕ್ಕೇ. ಬಿಪಿ, ಸಕ್ಕರೆ, ಸಿಗರೇಟು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರು, ಇಷ್ಟರಲ್ಲಿ ಒಂದಿದ್ದರೂ ವೈದ್ಯರ ಬಳಿ ಹೋಗಿ ಬಂದೇ ಶುರು ಮಾಡಿ.

ಶ್ರಮ ಪಡುವಾಗ ಎದೆ ಹಿಡಿದು, ನಿಂತ ಕೂಡಲೆ ಬಿಟ್ಟರೆ ಅದು ಗ್ಯಾಸ್ ಅಲ್ಲ. ದವಡೆ, ಎಡತೋಳು, ಬೆನ್ನಿನ ಮೇಲ್ಭಾಗಕ್ಕೆ ಹರಡುವ ನೋವು, ಕಾರಣವಿಲ್ಲದ ತಣ್ಣನೆಯ ಬೆವರು, ಮಹಿಳೆಯರಲ್ಲಿ ಕೆಲವೊಮ್ಮೆ ಬರೀ ಸುಸ್ತು ಮತ್ತು ವಾಕರಿಕೆ. ನಮ್ಮ ಮನೆಗಳಲ್ಲಿ ಇವೆಲ್ಲಕ್ಕೂ ಮೊದಲು ಓಮಿನ ನೀರು, ಆಮೇಲೆ ಸೋಡಾ, ಆಮೇಲೆ 'ಬೆಳಿಗ್ಗೆ ನೋಡೋಣ'. ನನ್ನೆದುರು ಹೀಗಾದರೆ ಆ ದಿನದ ಪಾಠ ಅಲ್ಲಿಗೆ ಮುಗಿಯುತ್ತದೆ. 108ಕ್ಕೆ ಕರೆ, ಇಸಿಜಿ ಇರುವ ಆಸ್ಪತ್ರೆ, ನಡೆಸಿಕೊಂಡು ಮೆಟ್ಟಿಲು ಇಳಿಸುವುದೂ ಇಲ್ಲ. ಎರಡು ಸಲ ಹೀಗೆ ಕರೆದೊಯ್ದಿದ್ದೇನೆ. ಒಮ್ಮೆ ನಿಜಕ್ಕೂ ಗ್ಯಾಸೇ ಆಗಿತ್ತು. ಆ ಸಾಹೇಬರಿಗೆ ಆಸ್ಪತ್ರೆ ಬಿಲ್ಲಿನಿಂದಾಗಿ ನನ್ನ ಮೇಲೆ ಇವತ್ತಿಗೂ ಮುನಿಸು. ಇನ್ನೊಬ್ಬರಿಗೆ ಸ್ಟೆಂಟು ಬಿತ್ತು.

ಮಿಸ್ ಮನೆಗೆ ಹೋಗಲು ಶುರುಮಾಡಿ ಈಗ ಏಳು ತಿಂಗಳು. ಮೊನ್ನೆ ಬುಧವಾರ ಹೋದಾಗ ನಡುಮನೆಯಲ್ಲಿ ಪೇಪರು ಹಾಸಿಕೊಂಡು ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಕಂಡದ್ದೇ ದೂರು ಆರಂಭವಾಯಿತು. 'ನೋಡಪ್ಪ, ಏಳು ತಿಂಗಳಿಗೆ ಇಳಿದಿರೋದು ಒಂದೂವರೆ ಕೆ.ಜಿ. ಪಕ್ಕದ ಮನೆಯವಳು ಯಾವುದೋ ಡಯಟ್ಟಿನಲ್ಲಿ ಆರು ಇಳಿಸಿದಾಳೆ. ನೀನು ನನಗೆ ಸರಿಯಾಗಿ ಹೇಳಿಕೊಡ್ತಿಲ್ಲ.' ಹೇಳುತ್ತಲೇ ಸೊಪ್ಪಿನ ಮೊರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು, ಒಂದು ಮಂಡಿ ನೆಲಕ್ಕೂರಿ ಎದ್ದರು, ಬೈಯುತ್ತಲೇ ಅಡುಗೆಮನೆಗೆ ನಡೆದರು. ಮಂಡಿ ಊರಿದ್ದಕ್ಕೆ ಒಂದು ಅಂಕ ಕಳೆದೆ. ಒಳಗಿನಿಂದ ಕೇಳಿದರು, ಕಾಫಿಗೆ ಸಕ್ಕರೆ ಹಾಕಲೋ ಬೇಡವೋ.